ಸದ್ದಿನ ಹೊತ್ತು

ಆ ಕೊಲ್ಲಿಯಲ್ಲಿ ಒಂದು ದೋಣಿಯೊಳಗೆ ಚಮಚ ಬಿದ್ದರೆ, ಅದು ಸ್ಟೀಲಿನದೋ ಮರದ್ದೋ ಎಂದು ಪಕ್ಕದ ದೋಣಿಯವರು ಹೇಳಬಲ್ಲರು. ಇದರಲ್ಲಿ ಉತ್ಪ್ರೇಕ್ಷೆಯಿಲ್ಲ. ಮೂರು ಕಡೆ ಗುಡ್ಡ, ನಾಲ್ಕನೆಯ ಕಡೆ ಸಮುದ್ರಕ್ಕೆ ತೆರೆದ ಕಿರಿದಾದ ಬಾಯಿ. ಒಳಗೆ ಗಾಳಿ ಕಡಿಮೆ, ಅಲೆ ಇನ್ನೂ ಕಡಿಮೆ. ಸಂಜೆಯಾಗುತ್ತಲೇ ನೀರಿಗೆ ಹತ್ತಿರದ ಗಾಳಿ ತಣ್ಣಗಾಗುತ್ತದೆ. ಆಗ ಶಬ್ದ ಮೇಲೆ ಹಾರಿಹೋಗದೆ ನೀರಿಗೆ ಅಂಟಿಕೊಂಡೇ ದೂರ ಸಾಗುತ್ತದೆ. ಅಲ್ಲಿ ಲಂಗರು ಹಾಕಿಕೊಂಡು ದೋಣಿಯಲ್ಲೇ ಸಂಸಾರ ಮಾಡುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಮ್ಮೆ ಬಡಗಿ ತನ್ನ ಕನ್ನಡಕ ಎಲ್ಲಿದೆ ಎಂದು ಹೆಂಡತಿಯನ್ನು ಕೇಳಿದಾಗ, ಅದು ಅವನ ತಲೆಯ ಮೇಲೇ ಇದೆ ಎಂಬ ಉತ್ತರ ಎರಡು ದೋಣಿ ಆಚೆಯಿಂದ ಬಂದಿತ್ತು.

ಹಾಗಾಗಿ ಅಲ್ಲಿನವರು ಹಗಲೆಲ್ಲ ಕಡಿಮೆ ಮಾತಾಡುತ್ತಿದ್ದರು. ಆಡಿದರೂ ಒಳ್ಳೆಯದನ್ನೇ ಆಡುತ್ತಿದ್ದರು. ಹೊರಗಿನಿಂದ ಬಂದವರು, ಎಷ್ಟು ಸಾಧು ಜನ ಎಂದುಕೊಂಡು ಹೋಗುತ್ತಿದ್ದರು. ನಿಜವಾದ ಕಾರಣ ಸದ್ದಿನ ಹೊತ್ತು.

ದೀಪಕ್ಕೆ, ನೀರಿನ ಪಂಪಿಗೆ, ಫೋನಿಗೆ ಎಲ್ಲಕ್ಕೂ ಬ್ಯಾಟರಿ ಬೇಕು. ಬ್ಯಾಟರಿ ತುಂಬಲು ಜನರೇಟರ್ ಬೇಕು. ಹಿಂದೆ ಪ್ರತಿಯೊಬ್ಬರೂ ತಮಗೆ ತೋಚಿದಾಗ ಅದನ್ನು ಚಾಲೂ ಮಾಡುತ್ತಿದ್ದುದರಿಂದ ಇಡೀ ದಿನ ಯಾವುದಾದರೂ ಒಂದು ದೋಣಿ ಗುಡುಗುಡು ಎನ್ನುತ್ತಲೇ ಇರುತ್ತಿತ್ತು. ಕೊನೆಗೆ ಎಲ್ಲರೂ ಕೂತು ಒಂದು ಒಪ್ಪಂದಕ್ಕೆ ಬಂದರು. ಸಂಜೆ ಕ್ಯಾಪ್ಟನ್ ತಮ್ಮ ದೋಣಿಯ ಕಂಬಕ್ಕೆ ಲಾಟೀನು ಏರಿಸಿದಾಗ ಎಲ್ಲರೂ ಒಟ್ಟಿಗೆ ಜನರೇಟರ್ ಹಾಕಬೇಕು, ಇಳಿಸಿದಾಗ ಒಟ್ಟಿಗೆ ನಿಲ್ಲಿಸಬೇಕು. ಉಳಿದ ಹೊತ್ತೆಲ್ಲ ಶಾಂತ.

ಇದರಿಂದ ಆಗಲಿದ್ದ ಇನ್ನೊಂದು ಉಪಯೋಗವನ್ನು ಒಪ್ಪಂದ ಮಾಡಿಕೊಂಡ ಯಾರೂ ಊಹಿಸಿರಲಿಲ್ಲ. ಎಲ್ಲ ಜನರೇಟರುಗಳೂ ಒಟ್ಟಿಗೆ ಅಬ್ಬರಿಸುವಾಗ ಎದುರಿಗೆ ಕೂತವರ ಮಾತೇ ಕಷ್ಟದಿಂದ ಕೇಳುತ್ತಿತ್ತು, ಪಕ್ಕದ ದೋಣಿಯದಂತೂ ಇಲ್ಲವೇ ಇಲ್ಲ. ಆಗ ಹಾಯಿ ಹೊಲಿಯುವವಳು ತನ್ನ ಗಂಡ ಬಡಗಿಯನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ದೋಣಿಗಳ ತಳಕ್ಕೆ ಅಂಟಿದ ಪಾಚಿ, ಚಿಪ್ಪು ಕೆರೆಯುವ, ನಲವತ್ತು ದಾಟಿದ ಬ್ರಹ್ಮಚಾರಿ ಮುಳುಗುಗಾರ ತಾಯಿಗೆ ಫೋನ್ ಮಾಡಿ ತನಗೆ ಹೆಣ್ಣು ನೋಡುವುದನ್ನು ನಿಲ್ಲಿಸು ಎಂದು ಗೋಗರೆಯುತ್ತಿದ್ದ. ನಿವೃತ್ತ ಮೇಷ್ಟ್ರು ಹಾಡುತ್ತಿದ್ದರು. ಅವರು ಹೇಗೆ ಹಾಡುತ್ತಾರೆಂಬುದು ಯಾರಿಗೂ ಗೊತ್ತಿರಲಿಲ್ಲ. ಅಗಲವಾಗಿ ತೆರೆದ ಬಾಯಿ ಮಾತ್ರ ಕಾಣುತ್ತಿತ್ತು.

ಕ್ಯಾಪ್ಟನ್ ದೋಣಿಯಲ್ಲಿ ಆ ಹೊತ್ತು ಟಿಕೆಟ್ ಅಕ್ಕನದು.

ಕ್ಯಾಪ್ಟನ್ ನಿವೃತ್ತರಾಗುವ ತನಕ ಆಚೆ ದಡಕ್ಕೆ ಫೆರಿ ನಡೆಸಿದವರು. ಅವರ ಹೆಂಡತಿ ಅದೇ ಫೆರಿಗೆ ಟಿಕೆಟ್ ಕೊಟ್ಟವರು. ಗಾಜಿನ ಹಿಂದೆ ಕೂತು, ಹಡಗಿನ ಸೀಟಿ, ಪ್ರಯಾಣಿಕರ ಗಲಾಟೆ ಎಲ್ಲದರ ಮೇಲೆ ಚಿಲ್ಲರೆ ಕೇಳಿ ಕೇಳಿ ಅವರ ದನಿ ಎತ್ತರದಲ್ಲೇ ನೆಲೆಯಾಗಿತ್ತು. ಪಿಸುಗುಡುವುದು ಅವರಿಗೆ ಬಾರದ ವಿದ್ಯೆ. ಬಂದಿದ್ದರೂ ಬೇಡವಾಗಿತ್ತು, ಗಂಡನನ್ನು ಪಿಸುದನಿಯಲ್ಲಿ ಬೈದರೆ ಅದು ಬೈಗುಳವಾಗದೆ ಪಿತೂರಿಯಾಗುತ್ತದೆ ಎಂದು ಅವರು ಹಾಯಿ ಹೊಲಿಯುವವಳಿಗೆ ಒಮ್ಮೆ ಹೇಳಿದ್ದರು.

ಲಾಟೀನು ಏರುತ್ತಲೇ ಅವರು ಜನರೇಟರಿನ ಪೆಟ್ಟಿಗೆಗೆ ಒಂದು ಕಾಲು ಒತ್ತಿ, ಚೋಕ್ ಎಳೆದು, ಹಗ್ಗ ಜಗ್ಗುತ್ತಿದ್ದರು. ಆ ಹಳೆಯ ಜನರೇಟರ್ ಅವರ ಕೈಗೆ ಮಾತ್ರ ಬಗ್ಗುತ್ತಿತ್ತು. ಕ್ಯಾಪ್ಟನ್ ಎಳೆದರೆ ಕೆಮ್ಮಿ ಸುಮ್ಮನಾಗುತ್ತಿತ್ತು. ಅದು ಹಿಡಿದುಕೊಂಡ ಮೇಲೆ ಕ್ಯಾಪ್ಟನ್ ಒಂದು ಬಕೆಟ್ಟನ್ನು ಬೋರಲು ಹಾಕಿ, ಮೀನು ಹೆಚ್ಚುವುದೋ ಹಗ್ಗ ಹೆಣೆಯುವುದೋ ಏನಾದರೊಂದು ಕೆಲಸ ಹಿಡಿದು ಹೆಂಡತಿಯ ಎದುರು ಕೂರುತ್ತಿದ್ದರು. ಟಿಕೆಟ್ ಅಕ್ಕ ಶುರು ಮಾಡುತ್ತಿದ್ದರು. ಹಾಸಿಗೆಯ ಮೇಲೆ ಬಿಟ್ಟ ಒದ್ದೆ ಟವೆಲ್, ತಲೆಯ ಮೇಲೆ ಸೋರುವ ಕಿಂಡಿ, ಗಂಡ ಬೇರೆಯವರ ಮನೆಯ ಅಡುಗೆಯನ್ನು ಅಗತ್ಯಕ್ಕಿಂತ ಹೆಚ್ಚು ಹೊಗಳಿದ್ದು, ಮದುವೆಯಾದ ಹೊಸತರಲ್ಲಿ ಗಂಡನ ಅಣ್ಣ ಆಡಿದ ಒಂದು ಮಾತು. ನಡುನಡುವೆ ನಗು. ಕೆಲವೊಮ್ಮೆ ಕಣ್ಣೊರೆಸಿಕೊಳ್ಳುವುದೂ ಇತ್ತು. ಎಲ್ಲ ಮುಗಿದ ಮೇಲೆ, ಆಯಿತು, ದೀಪ ಇಳಿಸಿ ಎನ್ನುತ್ತಿದ್ದರು. ಕ್ಯಾಪ್ಟನ್ ಇಳಿಸುತ್ತಿದ್ದರು. ಇಡೀ ಕೊಲ್ಲಿಯ ಸದ್ದಿನ ಹೊತ್ತು ಎಷ್ಟು ಉದ್ದವಿರಬೇಕೆಂಬುದು ನಿಜವಾಗಿ ನಿರ್ಧಾರವಾಗುತ್ತಿದ್ದುದು ಹೀಗೆ. ಬೇರೆಯವರು ಅದು ಬ್ಯಾಟರಿಯ ಲೆಕ್ಕವೆಂದೇ ತಿಳಿದಿದ್ದರು.

ಕ್ಯಾಪ್ಟನ್ ಈ ಹೊತ್ತಿನ ಬಗ್ಗೆ ಎಂದೂ ಯೋಚಿಸಿದವರಲ್ಲ. ಬಿಸಿಲು, ಮಳೆಗಳ ಹಾಗೆ ಅದೂ ಒಂದು ಎಂದುಕೊಂಡಿದ್ದರು. ಅದಕ್ಕೇ ಅದನ್ನು ನಿಲ್ಲಿಸುವ ಕೆಲಸ ಅವರಿಂದಲೇ ಆಯಿತು.

ಪ್ರವಾಸಿಗಳ ಕಾಲದಲ್ಲಿ ಹೊರಗಿನಿಂದ ದೊಡ್ಡ ಬಿಳಿ ದೋಣಿಗಳು ಬಂದು ಅಲ್ಲಿ ತಂಗುತ್ತಿದ್ದವು. ಅವುಗಳಲ್ಲಿ ಏಸಿ, ಫ್ರಿಜ್ಜು, ಟೀವಿ. ಅವೆಲ್ಲಕ್ಕೆ ಬೆಳಗಿನಿಂದ ಸಂಜೆಯವರೆಗೆ ನಿಲ್ಲದ ಜನರೇಟರ್. ಒಮ್ಮೆ ಕ್ಯಾಪ್ಟನ್ ತಮ್ಮ ಪುಟ್ಟ ದೋಣಿಯಲ್ಲಿ ಹೋಗಿ, ಸ್ವಲ್ಪ ನಿಲ್ಲಿಸಬಹುದೇ ಎಂದು ಮರ್ಯಾದೆಯಿಂದ ಕೇಳಿದರು. ದೊಡ್ಡ ದೋಣಿಯವನು ಅಷ್ಟೇ ಮರ್ಯಾದೆಯಿಂದ, ಪ್ರತಿ ಸಂಜೆ ನೀವೆಲ್ಲ ಸೇರಿ ಮಾಡುವ ಗದ್ದಲಕ್ಕಿಂತ ಇದು ವಾಸಿಯಲ್ಲವೇ ಎಂದ. ಆ ಮಾತು ಕ್ಯಾಪ್ಟನ್‌ಗೆ ಚೆನ್ನಾಗಿ ನಾಟಿತು. ಬಂದರು ಕಚೇರಿಗೆ ಹೋದರು. ಅಲ್ಲಿಯವರೂ, ಜನರೇಟರ್ ನಿಲ್ಲಿಸುವುದಾದರೆ ಎಲ್ಲರದ್ದೂ ನಿಲ್ಲಬೇಕು, ನಿಯಮ ಅಂದ ಮೇಲೆ ಎಲ್ಲರಿಗೂ ಒಂದೇ ಎಂದರು. ಅದರ ಬದಲಿಗೆ ಸೋಲಾರ್ ಫಲಕ, ಹೊಸ ಬ್ಯಾಟರಿ ಒದಗಿಸಲು ಕಚೇರಿ ಒಪ್ಪಿತು. ದಡದಲ್ಲಿ ದೋಣಿ ಕಟ್ಟುವ ಜೆಟ್ಟಿಯ ಮೇಲೆ ಕೊಲ್ಲಿಯವರ ಸಭೆ ಸೇರಿತು.

ಕ್ಯಾಪ್ಟನ್ ಆ ದಿನ ಚೆನ್ನಾಗಿ ಮಾತಾಡಿದರು. ಹೊಗೆಯ ಬಗ್ಗೆ, ನೀರಿಗೆ ಸೋರುವ ಎಣ್ಣೆಯ ಬಗ್ಗೆ, ಹಕ್ಕಿಗಳು ಗುಡ್ಡದ ಆಚೆಗೆ ಗೂಡು ಬದಲಾಯಿಸಿದ್ದರ ಬಗ್ಗೆ ಅವರು ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಹಾಯಿ ಹೊಲಿಯುವವಳು ಮಾತ್ರ ಎದ್ದು, ಹಾಗಾದರೆ ನಾವು ಮಾತಾಡುವುದು ಯಾವಾಗ ಎಂದು ಕೇಳಿದಳು. ಎಲ್ಲರೂ ನಕ್ಕರು. ಕ್ಯಾಪ್ಟನ್ ಅದನ್ನು ತಮಾಷೆಯೆಂದು ತಿಳಿದು ತಾವೂ ಒಂದು ತಮಾಷೆ ಮಾಡಲು ಹೋದರು.

"ನಮ್ಮ ದೋಣೀಲಿ ಯಾರೂ ಕೇಳಬಾರದ ಮಾತು ಅಂತ ಒಂದೂ ಇಲ್ಲಪ್ಪ. ಬೇಕಾದ್ರೆ ಇವಳನ್ನೇ ಕೇಳಿ" ಎಂದರು.

ಎಲ್ಲರೂ ಟಿಕೆಟ್ ಅಕ್ಕನ ಕಡೆ ನೋಡಿದರು. ಅವರು ತಮ್ಮ ಚಪ್ಪಲಿ ನೋಡಿಕೊಂಡರು. ಅದನ್ನು ಒಪ್ಪಿಗೆ ಎಂದು ತೆಗೆದುಕೊಂಡು ಸಭೆ ಮುಗಿಯಿತು.

ಸೋಲಾರ್ ಫಲಕ ಬಂದ ದಿನವೇ ಕ್ಯಾಪ್ಟನ್ ಜನರೇಟರನ್ನು ಮುಳುಗುಗಾರನಿಗೆ ಕೊಟ್ಟುಬಿಟ್ಟರು. ದಡದ ದೋಣಿ ರಿಪೇರಿ ಯಾರ್ಡಿನಲ್ಲಿ ಅವನ ಗಾಳಿಯ ಪಂಪು ನಡೆಸಲು ಅದು ಉಪಯೋಗಕ್ಕೆ ಬರುತ್ತಿತ್ತು. ಹಗಲು ಅಲ್ಲಿ ಬಳಸಿ, ಸಂಜೆ ಅದನ್ನು ತನ್ನ ದೋಣಿಗೆ ತಂದು ಟಾರ್ಪಾಲು ಹೊದೆಸಿಡುತ್ತಿದ್ದ. ಕೊಟ್ಟಾಗ ಟಿಕೆಟ್ ಅಕ್ಕ ಮಾರ್ಕೆಟ್ಟಿಗೆ ಹೋಗಿದ್ದರು. ಹಿಂತಿರುಗಿ ಬಂದು, ಪೆಟ್ಟಿಗೆ ಇದ್ದ ಜಾಗದಲ್ಲಿ ಉಳಿದಿದ್ದ ಚೌಕಾಕಾರದ ಎಣ್ಣೆ ಕಲೆಯನ್ನು ನೋಡಿದರು. ಒಂದು ಬಟ್ಟೆ ತಂದು ಅದನ್ನು ಒರೆಸಿದರು.

ಮೊದಲ ಕೆಲವು ದಿನ ಕೊಲ್ಲಿಗೆ ಹಬ್ಬದ ಕಳೆ. ಮೀನು ಜಿಗಿದ ಸದ್ದು ಕೇಳುತ್ತಿತ್ತು. ಗುಡ್ಡದಿಂದ ಹಕ್ಕಿಗಳ ಕೂಗು ಕೇಳುತ್ತಿತ್ತು. ಬಂದರು ಕಚೇರಿಯವರು ಕೊಲ್ಲಿಯ ಬಾಯಲ್ಲಿ, ಇಲ್ಲಿ ಜನರೇಟರ್ ನಿಷೇಧಿಸಲಾಗಿದೆ ಎಂಬ ಬೋರ್ಡು ನೆಟ್ಟರು. ಕ್ಯಾಪ್ಟನ್ ಅದರ ಮುಂದೆ ದೋಣಿ ನಿಲ್ಲಿಸಿ ಮತ್ತೆ ಮತ್ತೆ ಓದಿಕೊಂಡರು. ಹಾಯಿ ಹೊಲಿಯುವವಳು ಮತ್ತು ಬಡಗಿ ಮುಖ ಗಂಟಿಕ್ಕಿಕೊಂಡೇ ಊಟ ಮಾಡುವುದು ರೂಢಿಯಾಯಿತು. ಮುಳುಗುಗಾರ ತಾಯಿಗೆ ಫೋನ್ ಮಾಡಲು ದಡಕ್ಕೆ ಹೋಗಿ ಯಾರ್ಡಿನ ಗೋಡೆಯ ಹಿಂದೆ ನಿಲ್ಲುತ್ತಿದ್ದ. ಮೇಷ್ಟ್ರು ಹಾಡುವುದನ್ನು ಬಿಟ್ಟು ಪದಬಂಧ ಬಿಡಿಸತೊಡಗಿದರು. ಆದರೆ ಇವೆಲ್ಲ ಕ್ಯಾಪ್ಟನ್ ಕಣ್ಣಿಗೆ ಬೀಳಲಿಲ್ಲ. ಅವರ ಕಣ್ಣಿಗೆ ಬಿದ್ದದ್ದು ತಮ್ಮ ಹೆಂಡತಿ ಸೌಜನ್ಯದಿಂದ ನಡೆದುಕೊಳ್ಳುತ್ತಿರುವುದು.

ಮೊದಲು ಅವರಿಗೆ ಸಂತೋಷವೇ ಆಯಿತು. ಊಟಕ್ಕೆ ಬನ್ನಿ, ಚಹಾ ತಗೊಳ್ಳಿ, ಆಗಲಿ, ಪರವಾಗಿಲ್ಲ. ಹೆಚ್ಚೇನೂ ಇಲ್ಲ, ಕಡಿಮೆಯೂ ಇಲ್ಲ. ಹೋಟೆಲಿನಲ್ಲಿ ತಂಗಿದ ಹಾಗಿತ್ತು. ಕೆಲವು ದಿನ ಕಳೆದ ಮೇಲೆ, ಹೋಟೆಲಿನಲ್ಲಿ ಹೆಚ್ಚು ದಿನ ಇದ್ದವರಿಗೆ ಆಗುವ ಹಾಗೆ ಅವರಿಗೂ ಆಯಿತು. ಒಂದು ಬೆಳಿಗ್ಗೆ, ಪರೀಕ್ಷೆ ಮಾಡಿಯೇ ನೋಡೋಣವೆಂದು ಸ್ನಾನದ ಟವೆಲ್ಲನ್ನು ಹಿಂಡದೆ ಹಾಸಿಗೆಯ ಮೇಲೆ, ಹೆಂಡತಿ ಮಲಗುವ ಕಡೆಗೇ, ಉದ್ದಕ್ಕೆ ಹರಡಿದರು. ಮಧ್ಯಾಹ್ನ ನೋಡಿದರೆ ಟವೆಲ್ ತಂತಿಯ ಮೇಲೆ ಒಣಗುತ್ತಿತ್ತು. ಹಾಸಿಗೆಯ ಹೊದಿಕೆ ಬದಲಾಗಿತ್ತು. ಟಿಕೆಟ್ ಅಕ್ಕ, ಚಹಾಕ್ಕೆ ಸಕ್ಕರೆ ಸಾಕೇ ಎಂದು ಕೇಳಿದರು.

ಆ ಸಂಜೆ ಡೆಕ್ಕಿನ ಮೇಲೆ ಕ್ಯಾಪ್ಟನ್ ಕೇಳಿಯೇಬಿಟ್ಟರು. "ಏನಾಗಿದೆ ನಿಂಗೆ?"

ದೊಡ್ಡ ದನಿಯಲ್ಲೇನೂ ಕೇಳಿರಲಿಲ್ಲ. ಆದರೂ ಮುಳುಗುಗಾರನ ಬ್ರಷ್ಷು ನಿಂತಿತು. ಬಡಗಿಯ ರೇಡಿಯೊ ಸಣ್ಣದಾಯಿತು. ಮೇಷ್ಟ್ರು ಶುರು ಮಾಡಿದ್ದ ಕೆಮ್ಮನ್ನು ಅರ್ಧಕ್ಕೇ ತಡೆದುಕೊಂಡರು. ಟಿಕೆಟ್ ಅಕ್ಕ ಒಂದೊಂದಾಗಿ ಎಲ್ಲ ದೋಣಿಗಳ ಕಡೆ ನೋಡಿ, ಏನೂ ಇಲ್ಲ, ಇನ್ನೂ ಸ್ವಲ್ಪ ಚಹಾ ಹಾಕಲೇ ಎಂದರು. ಬ್ರಷ್ಷು ಮತ್ತೆ ಕೆರೆಯಲು ಶುರುವಾಯಿತು, ಸ್ವಲ್ಪ ನಿರಾಸೆಯಿಂದ.

ಅದಾಗಿ ಸ್ವಲ್ಪ ದಿನಕ್ಕೆ ಟಿಕೆಟ್ ಅಕ್ಕ, ಭಾನುವಾರ ತಂಗಿಯ ಮನೆಗೆ ಹೋಗುತ್ತೇನೆ ಎಂದರು. ತಂಗಿಯ ಮನೆ ದಡದಲ್ಲಿ, ಮಾರ್ಕೆಟ್ಟಿನ ಆಚೆ. ಅವಳ ಮನೆ ಬಸ್ ರಸ್ತೆಯ ಮೇಲೇ ಇದೆ, ಇಡೀ ದಿನ ಬಸ್ಸುಗಳು ಓಡಾಡುತ್ತವೆ ಎಂದೂ ಸೇರಿಸಿದರು. ಇವಳು ಬಸ್ಸು ಹತ್ತಿ ಎಲ್ಲಿಗೆ ಹೋಗಬೇಕೆಂದಿದ್ದಾಳೆ ಎಂದು ಕ್ಯಾಪ್ಟನ್ ತಲೆ ಕೆಡಿಸಿಕೊಂಡರು.

"ಯಾವಾಗ ಬರ್ತೀಯ?"

"ನೋಡೋಣ."

ಆ ಮಾತು ಕ್ಯಾಪ್ಟನ್‌ಗೆ ಚೆನ್ನಾಗಿ ಗೊತ್ತಿತ್ತು. ಫೆರಿ ರದ್ದಾದ ದಿನ, ಮುಂದಿನದು ಯಾವಾಗ ಎಂದು ಪ್ರಯಾಣಿಕರು ಕಿಟಕಿಗೆ ಬಂದು ಕೇಳಿದರೆ ಟಿಕೆಟ್ ಅಕ್ಕ ಹೇಳುತ್ತಿದ್ದುದು ಅದನ್ನೇ. ಅವರು ಹಾಗೆಂದ ಮೇಲೆ ಫೆರಿ ಹೊರಟದ್ದು ಎಂದೂ ಇಲ್ಲ.

ಭಾನುವಾರದೊಳಗೆ ಕಾರಣ ಹುಡುಕಿ ಸರಿಪಡಿಸಬೇಕೆಂದು ಅವರು ಟೊಂಕ ಕಟ್ಟಿದರು. ಹೆಂಡತಿ ಮಲಗುವ ಜಾಗದ ಮೇಲಿನ ಸೋರುವ ಕಿಂಡಿಗೆ ಹೊಸ ರಬ್ಬರ್ ಹಾಕಿದರು. ಹೊಸ ದಿಂಬು ತಂದರು. ತಮ್ಮ ಅಣ್ಣನ ಫೋಟೊ ತೆಗೆದು ಡ್ರಾಯರಿನಲ್ಲಿಟ್ಟರು. ಪ್ರತಿಯೊಂದಕ್ಕೂ ಟಿಕೆಟ್ ಅಕ್ಕ, ಚೆನ್ನಾಗಿದೆ, ಥ್ಯಾಂಕ್ಸ್ ಎಂದರು. ಥ್ಯಾಂಕ್ಸ್ ಎಂಬುದನ್ನು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ದಿಕ್ಕು ತೋಚದೆ ಕ್ಯಾಪ್ಟನ್ ಹಾಯಿ ಹೊಲಿಯುವವಳ ದೋಣಿಗೆ ಹೋದರು. ಅವಳು ಮಡಿಲ ತುಂಬ ದಪ್ಪ ಹಾಯಿ ಹರಡಿಕೊಂಡು, ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡು ಕೂತಿದ್ದಳು. ವಿಷಯ ಕೇಳಿ ಸೂಜಿ ಕೈಗೆ ತೆಗೆದುಕೊಂಡಳು.

"ಹೇಳೋಕೆ ನಂಗೇನು, ಕ್ಯಾಪ್ಟನ್ರೇ. ಆದ್ರೆ ಇಲ್ಲಿ ಹ್ಯಾಗೆ ಹೇಳ್ಲಿ? ಅಕ್ಕ ಅಲ್ಲಿಂದ ಕೇಳಿಸ್ಕೋತಿದಾರೆ."

ಕ್ಯಾಪ್ಟನ್ ತಿರುಗಿ ನೋಡಿದರು. ತಮ್ಮ ದೋಣಿಯಲ್ಲಿ ಬಟ್ಟೆ ಹರವುತ್ತಿದ್ದ ಹೆಂಡತಿ ಕೈಯಲ್ಲಿ ಕ್ಲಿಪ್ಪು ಹಿಡಿದು ಇತ್ತಲೇ ನೋಡುತ್ತಿದ್ದರು. ಕ್ಯಾಪ್ಟನ್ ಇಷ್ಟರಲ್ಲೇ ಅರ್ಥ ಮಾಡಿಕೊಳ್ಳಬೇಕಿತ್ತು. ಮಾಡಿಕೊಳ್ಳಲಿಲ್ಲ. ಹಾಯಿ ಚೆನ್ನಾಗಿ ಬರುತ್ತಿದೆ ಎಂದು ಹೊಗಳಿ ವಾಪಸಾದರು.

ಭಾನುವಾರ ಸಂಜೆ ಬಿಸಿಲು ಇಳಿದ ಮೇಲೆ ಟಿಕೆಟ್ ಅಕ್ಕ ಬ್ಯಾಗು ಹಿಡಿದು ಪುಟ್ಟ ದೋಣಿಗೆ ಇಳಿದರು. ಬ್ಯಾಗು ದೊಡ್ಡದಿತ್ತು; ಚಳಿಗಾಲದ ಸ್ವೆಟರ್ ಕೂಡ ಅದರಲ್ಲಿ ಇದ್ದುದನ್ನು ಕ್ಯಾಪ್ಟನ್ ಮಧ್ಯಾಹ್ನವೇ ಕಂಡಿದ್ದರು. ಡೆಕ್ಕುಗಳ ಮೇಲೆ ಇದ್ದವರೆಲ್ಲ ಬೇರೆ ಏನನ್ನೋ ನೋಡುವವರ ಹಾಗೆ ನಿಂತರು. ಟಿಕೆಟ್ ಅಕ್ಕ ಮುಂದಿನ ಹಲಗೆಯ ಮೇಲೆ ಗಂಡನಿಗೆ ಎದುರಾಗಿ ಕೂತು, ಬ್ಯಾಗನ್ನು ಕಾಲುಗಳ ನಡುವೆ ಇರಿಸಿಕೊಂಡರು. ಸಣ್ಣ ದೋಣಿಗಳ ಮೋಟಾರಿಗೆ ಜನರೇಟರಿನ ನಿಯಮ ಅನ್ವಯವಾಗುತ್ತಿರಲಿಲ್ಲ. ಕ್ಯಾಪ್ಟನ್ ಹಿಂಬದಿಯ ಮೋಟಾರಿನ ಹಗ್ಗ ಎಳೆದರು. ಅದು ಹಳೆಯದು, ಹಿಡಿದುಕೊಂಡಿತೆಂದರೆ ಹಲ್ಲು ಅಲುಗುವಂತೆ ಅರಚುತ್ತಿತ್ತು.

ದೋಣಿ ವೇಗ ಹಿಡಿಯುತ್ತಿದ್ದಂತೆ ಹೆಂಡತಿಯ ತುಟಿಗಳು ಆಡುವುದು ಕಂಡಿತು. ಎದುರಿಗೆ ಏನೋ ತೇಲಿ ಬರುತ್ತಿದೆ ಎಂದು ಎಚ್ಚರಿಸುತ್ತಿದ್ದಾಳೆಂದುಕೊಂಡು ಕ್ಯಾಪ್ಟನ್ ಮುಂದೆ ಬಾಗಿದರು.

"ಒಂದು ಮಾತು ಕೇಳಿದ್ರಾ ನನ್ನ?" ಟಿಕೆಟ್ ಅಕ್ಕ ಹೇಳುತ್ತಿದ್ದರು. "ಇಷ್ಟು ವರ್ಷ ಅದರ ಹಗ್ಗ ಎಳೆದೋಳು ನಾನು. ಪ್ಲಗ್ಗು ಉಜ್ಜಿದೋಳು ನಾನು. ಮಾರ್ಕೆಟ್ಟಿಗೆ ಹೋಗಿ ಬರೋಷ್ಟರಲ್ಲಿ ಎತ್ತಿ ಕೊಟ್ಟುಬಿಟ್ರಿ, ಹಳೇ ಪೇಪರ್ ಕೊಟ್ಟ ಹಾಗೆ. ಅದೂ ಯಾರಿಗೆ? ಚೋಕ್ ಯಾವ ಕಡೆ ಇದೆ ಅಂತಾನೂ ಗೊತ್ತಿಲ್ಲದ"

ಜೆಟ್ಟಿ ಹತ್ತಿರ ಬಂದಿತ್ತು. ಕ್ಯಾಪ್ಟನ್ ರೂಢಿಯಂತೆ ಮೋಟಾರಿನ ಹಿಡಿಯನ್ನು ಸಡಿಲಿಸಿದರು. ಅರಚಾಟ ಇಳಿಯಿತು. ಅದರೊಂದಿಗೆ ಹೆಂಡತಿಯ ಮಾತೂ, ವಾಕ್ಯದ ನಡುವೆಯೇ, ನಲ್ಲಿ ತಿರುಗಿಸಿದ ಹಾಗೆ ನಿಂತುಹೋಯಿತು. ಅವರು ಜೆಟ್ಟಿಯ ಮೇಲೆ ನಿಂತಿದ್ದ ಜನರನ್ನು ನೋಡಿ, ಮುಖ ಸರಿಮಾಡಿಕೊಂಡು, "ಆ ಹಗ್ಗ ಸ್ವಲ್ಪ ಕೊಡ್ತೀರಾ" ಎಂದರು.

ಕ್ಯಾಪ್ಟನ್ ಹಗ್ಗ ಕೊಡಲಿಲ್ಲ. ಹೆಂಡತಿಯ ಮುಖ ನೋಡಿದರು. ಹಿಡಿಯ ಮೇಲಿದ್ದ ತಮ್ಮ ಕೈ ನೋಡಿದರು. ಮಂಜಿನಲ್ಲಿ ನೀರಿನ ಬಣ್ಣ ನೋಡಿಯೇ ಆಳ ಹೇಳುತ್ತಿದ್ದ ಮನುಷ್ಯ ಇದನ್ನು ಕಂಡುಕೊಳ್ಳಲು ಇಷ್ಟು ದಿನ ತೆಗೆದುಕೊಂಡಿದ್ದರು. ಅವರು ಹಿಡಿಯನ್ನು ಪೂರ್ತಿ ತಿರುಗಿಸಿದರು. ದೋಣಿಯ ಮೂತಿ ಜೆಟ್ಟಿಯನ್ನು ಬಿಟ್ಟು ಕೊಲ್ಲಿಯ ಬಾಯ ಕಡೆಗೆ ತಿರುಗಿತು.

"ಆ ಮುಳುಗುಗಾರನಿಗೆ" ಎಂದು ಟಿಕೆಟ್ ಅಕ್ಕ ಬಿಟ್ಟಲ್ಲಿಂದಲೇ ಮುಂದುವರಿಸಿದರು.

ಕೊಲ್ಲಿಯ ಬಾಯಿ ದಾಟಿ, ನಿಷೇಧದ ಬೋರ್ಡು ದಾಟಿ, ಕ್ಯಾಪ್ಟನ್ ದೋಣಿಯನ್ನು ಸುತ್ತು ಹೊಡೆಸತೊಡಗಿದರು. ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಮೋಟಾರು ನಿಲ್ಲದಿದ್ದರೆ ಸಾಕಿತ್ತು. ಕೊಲ್ಲಿಯ ಡೆಕ್ಕುಗಳಿಂದ ನೋಡಿದವರಿಗೆ ಕಂಡದ್ದು, ಒಂದೇ ಜಾಗದಲ್ಲಿ ಗಿರಕಿ ಹೊಡೆಯುವ ಪುಟ್ಟ ದೋಣಿ, ಅದರಲ್ಲಿ ಒಮ್ಮೆ ಮೇಲೇಳುವ, ಒಮ್ಮೆ ಗುಡ್ಡದ ಕಡೆ, ಒಮ್ಮೆ ಕ್ಯಾಪ್ಟನ್ ಎದೆಯ ಕಡೆ ತೋರುವ ಒಂದು ಕೈ. ದೋಣಿ ಕೆಟ್ಟಿರಬಹುದೇ ಎಂದು ಮೇಷ್ಟ್ರು ಚಿಂತೆ ಮಾಡಿದರು. ಇಲ್ಲ, ಸರಿಹೋಗುತ್ತಿದೆ ಎಂದಳು ಹಾಯಿ ಹೊಲಿಯುವವಳು.

ದೋಣಿಯಲ್ಲಿ ಬಾಕಿಯಿದ್ದದ್ದೆಲ್ಲ ಹೊರಬೀಳುತ್ತಿತ್ತು. ಟವೆಲ್ಲಿನ ಸರದಿ ಬಂತು.

"ನಾನು ನೋಡ್ಲಿಲ್ಲ ಅಂದ್ಕೊಂಡ್ರಾ? ಬೇಕೂಂತ ಹಾಕಿದ್ದು ಅಂತಾನೂ ಗೊತ್ತು. ಮರೆತು ಬಿಟ್ಟ ಟವೆಲ್ಲು ಅಷ್ಟು ನೇರ ಇರುತ್ತಾ? ನಿಮ್ಮಣ್ಣನ ಫೋಟೊ ಯಾಕೆ ತೆಗೆದ್ರಿ? ಅವರು ಆಡಿದ ಮಾತು ನೆನಪಿಟ್ಕೊಂಡು ಬೈಯೋಕೆ ನಂಗೆ ಆ ಫೋಟೊ ಬೇಕು."

ಕ್ಯಾಪ್ಟನ್ ತಲೆಯಾಡಿಸಿದರು. ಅವರ ಮುಖದ ಮೇಲೆ ನಗು ಹರಡಿತ್ತು. ಅದಕ್ಕೂ ಒಂದಿಷ್ಟು ಬೈಸಿಕೊಂಡರು. ಆಮೇಲೆ ಟಿಕೆಟ್ ಅಕ್ಕ ನೀರಿನ ಕಡೆ ನೋಡುತ್ತ, ಮೋಟಾರಿನ ಮೇಲೆ ಕೇಳುವಷ್ಟೇ ದನಿಯಲ್ಲಿ ಹೇಳಿದರು.

"ಯಾರೂ ಕೇಳಬಾರದ ಮಾತು ಒಂದೂ ಇಲ್ಲ ಅಂದ್ರಿ, ಅಷ್ಟು ಜನರ ಮುಂದೆ. ನನ್ನ ಹತ್ರ ಇರೋದೆಲ್ಲ ಅಂಥವೇ ಕಣ್ರೀ. ಬೈಗುಳ ಮಾತ್ರ ಅಲ್ಲ. ಆವತ್ತು ಸಭೇಲಿ ಎಷ್ಟು ಚೆನ್ನಾಗಿ ಮಾತಾಡಿದ್ರಿ. ಮನೆಗೆ ಬಂದು ಹೇಳ್ಬೇಕು ಅಂತಿದ್ದೆ. ಹೇಳೋಕೆ ಹೊತ್ತೇ ಇಲ್ಲದ ಹಾಗೆ ಮಾಡಿಬಿಟ್ರಿ. ಆ ದೋಣೀಲಿ ನಾನು ಯಾರ ಹಾಗೆ ಇರ್ಲಿ? ನೆಂಟರ ಹಾಗೆ ಎಷ್ಟು ದಿನ ಇರ್ಲಿ?"

ಕ್ಯಾಪ್ಟನ್ ನಗು ನಿಂತಿತು. ಅವರು ಏನೋ ಹೇಳಿದರು. ಮೋಟಾರಿನ ಸದ್ದಿನಲ್ಲಿ ಅದು ಕೇಳಲಿಲ್ಲ.

"ಏನಂದ್ರಿ?"

ಇನ್ನೊಮ್ಮೆ ಹೇಳಿದರು. ಟಿಕೆಟ್ ಅಕ್ಕ ಕಿವಿಯ ಹಿಂದೆ ಕೈ ಇಟ್ಟುಕೊಂಡರು. ಮಾತು ಅವರಿಗೆ ಕೇಳಿಸಿರಲಿಲ್ಲವೋ, ಇನ್ನೊಮ್ಮೆ ಕೇಳಬೇಕೆನಿಸಿತ್ತೋ ಹೇಳಲಾಗದು. ಕ್ಯಾಪ್ಟನ್ ಎದೆ ತುಂಬ ಉಸಿರೆಳೆದುಕೊಂಡು, ಹಿಂದೆ ಫೆರಿಯ ಮೇಲಿಂದ ದಡದವರಿಗೆ ಹಗ್ಗ ಹಿಡಿಯಲು ಕೂಗುತ್ತಿದ್ದ ದನಿಯಲ್ಲಿ ಕೂಗಿದರು. ಅದೇ ಕ್ಷಣಕ್ಕೆ ಮೋಟಾರು ಒಮ್ಮೆ ಬಿಕ್ಕಿ ನಿಂತಿತು.

"ತಪ್ಪಾಯ್ತು ಕಣೇ, ಕೇಳಬೇಕಿತ್ತು ನಿನ್ನ."

ತಣ್ಣಗಿನ ನೀರಿನ ಮೇಲೆ ಆ ಮಾತು ಜಾರಿಕೊಂಡು ಬೋರ್ಡು ದಾಟಿ, ಕೊಲ್ಲಿಯ ಬಾಯಿ ದಾಟಿ ಒಳಗೆ ಹೋಯಿತು. ಗುಡ್ಡಕ್ಕೆ ತಗಲಿ ಸ್ವಲ್ಪ ಭಾಗ ವಾಪಸು ಕೂಡ ಬಂತು. ಡೆಕ್ಕುಗಳ ಮೇಲೆ ಎಲ್ಲರಿಗೂ ಏಕಕಾಲಕ್ಕೆ ಕೆಲಸ ನೆನಪಾಯಿತು. ಬಡಗಿ ಆಗಲೇ ಬಿಗಿಯಾಗಿದ್ದ ಒಂದು ಸ್ಕ್ರೂವನ್ನು ಬಿಗಿ ಮಾಡತೊಡಗಿದ.

ಕ್ಯಾಪ್ಟನ್ ಕಿವಿ ಕೆಂಪಾಗಿತ್ತು. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ಇಣುಕಿದರು. ಖಾಲಿ. ಹಿಂದೆಲ್ಲ ಜನರೇಟರಿಗೆಂದು ಟಿಕೆಟ್ ಅಕ್ಕ ಕ್ಯಾನು ತುಂಬಿಸಿಡುತ್ತಿದ್ದರು. ಈ ಮೋಟಾರು ಕುಡಿಯುತ್ತಿದ್ದುದೂ ಅದೇ ಕ್ಯಾನಿನಿಂದ. ಜನರೇಟರ್ ಹೋದ ಮೇಲೆ ಕ್ಯಾನು ತುಂಬಿಸಬೇಕೆಂಬುದು ಕ್ಯಾಪ್ಟನ್ ತಲೆಗೆ ಹೊಳೆದೇ ಇರಲಿಲ್ಲ. ಇದರ ಬಗ್ಗೆಯೂ ಹೆಂಡತಿಗೆ ಹೇಳಲು ಬಹಳ ಇದೆಯೆಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಟಿಕೆಟ್ ಅಕ್ಕ ಬಾಯಿ ತೆರೆದರು. ಕೊಲ್ಲಿಯ ಕಡೆ ನೋಡಿದರು. ಮುಚ್ಚಿಕೊಂಡರು.

ಕ್ಯಾಪ್ಟನ್ ಹುಟ್ಟು ಹಾಕಿಕೊಂಡು ಒಳಗೆ ಬಂದರು. ಬಾಯಿ ದಾಟಿದ ಮೇಲೆ ಎಡಕ್ಕೆ ಜೆಟ್ಟಿ, ನೇರಕ್ಕೆ ಅವರ ದೋಣಿ. ಅವರು ಹುಟ್ಟುಗಳನ್ನು ಮೇಲೆತ್ತಿ ಹಿಡಿದರು. ಹುಟ್ಟಿನಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು.

"ಎಲ್ಲಿಗೆ?" ಎಂದರು, ಆದಷ್ಟು ಮೆಲ್ಲಗೆ.

ಟಿಕೆಟ್ ಅಕ್ಕ ಉತ್ತರ ಕೊಡಲಿಲ್ಲ. ಇಡೀ ಕೊಲ್ಲಿ ಉಸಿರು ಬಿಗಿಹಿಡಿದು ಕಾಯುತ್ತಿರುವಾಗ ಅಂಥ ಉತ್ತರ ಕೊಡುವ ಹೆಂಗಸಲ್ಲ ಅವರು. ಅವರು ಬ್ಯಾಗಿನ ಹಿಡಿಯನ್ನು ತಿರುಚುತ್ತ ಕೂತರು. ದೋಣಿ ತನ್ನಷ್ಟಕ್ಕೆ ಸ್ವಲ್ಪ ಎಡಕ್ಕೆ, ಜೆಟ್ಟಿಯ ಕಡೆ ಸರಿಯತೊಡಗಿತು.

ಆಗ ಮುಳುಗುಗಾರ ತನ್ನ ದೋಣಿಯಲ್ಲಿ ಎದ್ದು ನಿಂತ. ಯಾರ ಕಡೆಗೂ ನೋಡದೆ ಟಾರ್ಪಾಲು ಸರಿಸಿದ. ಪೆಟ್ಟಿಗೆಗೆ ಕಾಲು ಒತ್ತಿ ಹಗ್ಗ ಜಗ್ಗಿದ. ಜನರೇಟರ್ ಕೆಮ್ಮಿತು. ಮತ್ತೆ ಜಗ್ಗಿದ, ಮತ್ತೆ ಕೆಮ್ಮಿತು. ಬೋರ್ಡಿನ ಕಡೆ ಒಮ್ಮೆ, ಕ್ಯಾಪ್ಟನ್ ಕಡೆ ಒಮ್ಮೆ ಅಳುಕುತ್ತ ನೋಡಿದ. ಅವನು ಇನ್ನೊಮ್ಮೆ ಎಳೆದ. ಅದು ಕೆಮ್ಮುವುದನ್ನೂ ಬಿಟ್ಟಿತು.

ಟಿಕೆಟ್ ಅಕ್ಕನಿಗೆ ತಡೆಯಲಾಗಲಿಲ್ಲ. ಪುಟ್ಟ ದೋಣಿಯಲ್ಲಿ ಎದ್ದು ನಿಂತು, ಜೆಟ್ಟಿಯ ಆಚೆಯ ಅಂಗಡಿಗಳಿಗೂ ಕೇಳುವಂತೆ ಕೂಗಿದರು.

"ಮೊದ್ಲು ಚೋಕ್ ಎಳಿಯೋ. ಪೂರ್ತಿ. ಈಗ ಹಗ್ಗ. ಒದ್ದಾಡ್ಬೇಡ, ಒಂದೇ ಸಲ ಎಳಿ."

ಅವನು ಎಳೆದ. ಜನರೇಟರ್ ಹಿಡಿದುಕೊಂಡಿತು.

ಆ ಸದ್ದು ಕೊಲ್ಲಿಯನ್ನು ತುಂಬುತ್ತಿದ್ದಂತೆ ಎಲ್ಲರೂ ಒಮ್ಮೆ ಕ್ಯಾಪ್ಟನ್ ಕಡೆ ನೋಡಿದರು. ಅವರಿಂದ ಆಕ್ಷೇಪ ಬರಲಿಲ್ಲ. ಮೊದಲು ಹಾಯಿ ಹೊಲಿಯುವವಳು ಕೆಲಸವನ್ನು ಬದಿಗಿಟ್ಟು ಗಂಡನ ಕಡೆ ತಿರುಗಿ ಕೂತಳು. ಬಡಗಿ ಸ್ಕ್ರೂಡ್ರೈವರ್ ಕೆಳಗಿಟ್ಟು, ತಪ್ಪಿಸಿಕೊಳ್ಳುವ ಆಸೆ ಬಿಟ್ಟವನಂತೆ ಕೈ ಕಟ್ಟಿಕೊಂಡ. ಮೇಷ್ಟ್ರು ಪದಬಂಧ ಮಡಿಚಿಟ್ಟು ಬಾಯಿ ತೆರೆದರು. ಮುಳುಗುಗಾರ ಜೇಬಿನಿಂದ ಫೋನು ತೆಗೆದ.

ಪುಟ್ಟ ದೋಣಿಯಲ್ಲಿ ಟಿಕೆಟ್ ಅಕ್ಕ ಕೂತುಕೊಂಡು ಗಂಡನಿಗೆ ಉತ್ತರ ಕೊಟ್ಟರು. ಅದೇನೆಂದು ಕೊಲ್ಲಿಯಲ್ಲಿ ಯಾರಿಗೂ ಕೇಳಲಿಲ್ಲ. ಕ್ಯಾಪ್ಟನ್ ಹುಟ್ಟುಗಳನ್ನು ನೀರಿಗಿಳಿಸಿ ನೇರಕ್ಕೆ ಹಾಕಿದ್ದನ್ನು ಎಲ್ಲರೂ ನೋಡಿದರು.

ತಮ್ಮ ದೋಣಿ ಹತ್ತಿದ ಮೇಲೆ ಅವರು ಮೊದಲು ಹೆಂಡತಿಯ ಬ್ಯಾಗನ್ನು ಒಳಗಿಟ್ಟರು. ಅಣ್ಣನ ಫೋಟೊವನ್ನು ಡ್ರಾಯರಿನಿಂದ ತೆಗೆದು ಮೊದಲಿದ್ದ ಮೊಳೆಗೆ ತೂಗುಹಾಕಿದರು. ಮಂಚದ ಕೆಳಗಿದ್ದ ಲಾಟೀನನ್ನು ಹುಡುಕಿ ತಂದು, ಧೂಳು ಒರೆಸಿ, ಹೊತ್ತಿಸಿ, ಕಂಬಕ್ಕೆ ಏರಿಸಿದರು. ಬಂದರು ಕಚೇರಿಗೆ ಏನು ಹೇಳಬೇಕೆಂಬುದನ್ನು ನಾಳೆ ಯೋಚಿಸಿದರಾಯಿತು. ದಿನಕ್ಕೊಂದು ಹೊತ್ತು, ಎಲ್ಲರೂ ಒಟ್ಟಿಗೆ, ಎಂಬುದೇನೂ ಕೆಟ್ಟ ನಿಯಮವಾಗಿರಲಿಲ್ಲ. ಪೆಟ್ಟಿಗೆ ಇದ್ದ ಜಾಗ ಖಾಲಿಯಿತ್ತು. ಅದರ ಪಕ್ಕದಲ್ಲಿ ಟಿಕೆಟ್ ಅಕ್ಕ ತಮ್ಮ ಮಾಮೂಲು ಜಾಗದಲ್ಲಿ ಕೂತು, ಪೆಟ್ರೋಲ್ ಕ್ಯಾನಿನ ವಿಷಯ ಶುರು ಮಾಡಿದ್ದರು.

ಕ್ಯಾಪ್ಟನ್ ಬಕೆಟ್ಟನ್ನು ಬೋರಲು ಹಾಕಿ ಅವರೆದುರು ಕೂತರು.